ಏಳು ಹೈಸ್ಕೂಲುಗಳ ಹೊಲಿಗೆಯಕ್ಕ

ಅಂಗಡಿಯ ಬಾಗಿಲು ತೆಗೆದ ಮೇಲೆ ಹೊಲಿಗೆಯಕ್ಕ ಮೊದಲು ಮಿಷನ್ನಿನ ಹತ್ತಿರ ಹೋಗುತ್ತಿರಲಿಲ್ಲ. ಗೋಡೆಯ ಮೊಳೆಯಲ್ಲಿ ಒಂದು ದಾರ, ದಾರದ ತುದಿಯಲ್ಲಿ ಕೆಟ್ಟ ರೇಡಿಯೊದೊಳಗಿಂದ ಬಿಚ್ಚಿ ತೆಗೆದ ಅಯಸ್ಕಾಂತ. ಅದನ್ನು ಹಿಡಿದು, ಸೊಂಟ ಬಗ್ಗಿಸಿ, ನೆಲದ ಮೇಲೆ ಮೂಲೆಯಿಂದ ಮೂಲೆಗೆ ಎಳೆದುಕೊಂಡು ಹೋಗುತ್ತಿದ್ದಳು. ಹಿಂದಿನ ದಿನ ಬಿದ್ದ ಗುಂಡುಸೂಜಿ, ಮುರಿದ ಸೂಜಿಯ ಮೊನೆ, ಲಂಗದ ಕೊಕ್ಕೆ, ಎಲ್ಲ ಟಕ್ ಟಕ್ ಎಂದು ಬಂದು ಅಂಟುತ್ತಿದ್ದವು. ಅಳತೆ ಕೊಡಲು ಬರುವ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ಅವರ ಕಾಲಿಗೆ ತನ್ನ ಅಂಗಡಿಯ ಸೂಜಿ ಚುಚ್ಚಬಾರದು. ಆಮೇಲೆ ಮಿಷನ್ನಿನ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡು, ಯಾರ ಮೈಗೂ ನೋವಾಗದ ಹಾಗೆ ನೋಡಿಕೋ ಎಂದು ಒಂದು ಮಾತು ಹೇಳಿಕೊಳ್ಳುತ್ತಿದ್ದಳು. ಹೇಳಿದ್ದು ಕೇಳಬೇಕಾದವನಿಗೆ ಕೇಳಿಸಿತೆಂದೇ ಅವಳ ನಂಬಿಕೆ. ಜ್ವರ ಬಂದಾಗಲೂ ಈ ಕೆಲಸ ತಪ್ಪಿಸಿದವಳಲ್ಲ. ಅಳತೆ ಕೊಡಲು ಮಕ್ಕಳೇ ಬಾರದ ವರ್ಷಗಳಲ್ಲೂ ತಪ್ಪಿಸಲಿಲ್ಲ.

ಅವಳು ಮದುವೆಯಾಗಿ ಆ ಊರಿಗೆ ಬಂದಾಗ ಅಲ್ಲಿದ್ದದ್ದು ಒಂದೇ ಹೈಸ್ಕೂಲು. ನೆತ್ತಿಯ ಮೇಲೆ ಗಡಿಯಾರವಿದ್ದದ್ದರಿಂದ ಗಡಿಯಾರದ ಹೈಸ್ಕೂಲು ಎನ್ನುತ್ತಿದ್ದರು. ಗಡಿಯಾರ ಆಗಲೇ ನಿಂತುಹೋಗಿತ್ತು, ಹೆಸರು ಮಾತ್ರ ನಡೆಯುತ್ತಿತ್ತು. ಖಾಕಿ ಚಡ್ಡಿ, ಬಿಳಿ ಅಂಗಿ. ಗಂಡ ಹೊಲಿಯುವವನು, ಇವಳು ಗುಂಡಿ ಹಾಕುವವಳು. ಗಂಡ ಎದೆನೋವೆಂದು ಮಲಗಿದವನು ಏಳಲಿಲ್ಲ. ಮೂರು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವಳೇ ಮಿಷನ್ ತುಳಿಯತೊಡಗಿದಳು. ಯಾರೂ ಕಲಿಸಲಿಲ್ಲ. ಗಂಡ ಹೊಲಿದಿಟ್ಟ ಚಡ್ಡಿಯೊಂದನ್ನು ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಮತ್ತೆ ಜೋಡಿಸಿ ಕಲಿತಳು.

ಅಷ್ಟರಲ್ಲಿ ಊರಿಗೆ ಕಾಗದದ ಕಾರ್ಖಾನೆ ಬಂತು. ಕಾರ್ಖಾನೆಯ ಹಿಂದೆ ಜನ, ಜನದ ಹಿಂದೆ ಮಕ್ಕಳು. ಹೆಣ್ಮಕ್ಕಳ ಹೈಸ್ಕೂಲು ತೆರೆಯಿತು, ಅದಕ್ಕೆ ಮೆರೂನ್ ಲಂಗ. ಕಾರ್ಖಾನೆಯವರು ತಮ್ಮದೇ ಒಂದು ಕಟ್ಟಿದರು, ಬೂದು ಬಣ್ಣ. ಊರಾಚೆ ಗುಡ್ಡದ ಮೇಲೊಂದು, ಕಡುನೀಲಿ. ಹಾಗೆ ನೋಡನೋಡುತ್ತ ಏಳಾದವು. ಬೆಳಿಗ್ಗೆ ಹೊತ್ತು ಅಂಗಡಿಯ ಮುಂದೆ ಬಣ್ಣದ ಹೊಳೆ ಹರಿದುಹೋದ ಹಾಗೆ ಮಕ್ಕಳು. ಬೆನ್ನು ನೋಡಿಯೇ ಇದು ಯಾವ ಶಾಲೆ, ಯಾರ ಮನೆ ಎಂದು ಅವಳು ಹೇಳುತ್ತಿದ್ದಳು. ಬೆಳೆಯುವ ಮಕ್ಕಳೆಂದು ಪ್ರತಿ ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಮಡಿಕೆ ಬಿಟ್ಟೇ ಹೊಲಿಯುವುದು ಅವಳ ಪದ್ಧತಿ. ಮುಂದಿನ ವರ್ಷ ಆ ಮಡಿಕೆ ಬಿಚ್ಚಿದರೆ ಲಂಗ ಇಳಿಯುತ್ತಿತ್ತು, ತಾಯಂದಿರ ಖರ್ಚೂ ಇಳಿಯುತ್ತಿತ್ತು. ಹೊಲಿಗೆಯಕ್ಕನ ಲಂಗ ಅಂದರೆ ಅಕ್ಕ ಉಟ್ಟು ತಂಗಿಗೆ ಬರುವ ಲಂಗ ಎಂಬ ಮಾತಿತ್ತು.

ಆದರೆ ಈ ಏಳರ ಸಂಭ್ರಮದಲ್ಲಿ ಅವಳ ಮಗಳ ಓದು ಮುಳುಗಿಹೋಯಿತು. ಮಗಳು ಎಂಟನೇ ತರಗತಿಗೆ ಸೇರಿದ ವರ್ಷವೇ ಎರಡು ಹೊಸ ಹೈಸ್ಕೂಲು ಒಟ್ಟಿಗೆ ಶುರುವಾದವು. ಇದೊಂದು ವಾರ ಕಾಜಾ ಹಾಕಿಕೊಡು, ಆಮೇಲೆ ಶಾಲೆಗೆ ಹೋಗು ಎಂದಳು ತಾಯಿ. ಹುಡುಗಿಯ ಬೆರಳು ಚುರುಕು, ಗುಂಡಿಯ ಕಾಜಾ ಮುತ್ತು ಪೋಣಿಸಿದ ಹಾಗೆ ಬರುತ್ತಿತ್ತು. ವಾರ ಎರಡಾಯಿತು. ಮರುವರ್ಷವೂ ಅದೇ ವಾರ ಬಂತು. ಪರೀಕ್ಷೆಯಲ್ಲಿ ಕೂತಾಗ ಏನೂ ಬರೆಯಲಾಗದೆ ಎದ್ದು ಬಂದವಳು ಮತ್ತೆ ಹೋಗಲಿಲ್ಲ. ಮದುವೆಯಾದಳು, ಒಂದು ಹೆಣ್ಣು ಹೆತ್ತಳು. ಗಂಡ ಬೇರೆ ಊರಿನಲ್ಲಿ ಬೇರೆ ಸಂಸಾರ ಮಾಡಿಕೊಂಡ ಮೇಲೆ ಕೂಸನ್ನೆತ್ತಿಕೊಂಡು ಅದೇ ಕಾಜಾದ ಮಣೆಗೆ ಬಂದು ಕೂತಳು. ಬಾಯಿ ಮಾತ್ರ ಚೂಪಾಗಿತ್ತು.

"ಏಳು ಹೈಸ್ಕೂಲಿಗೆ ಬಟ್ಟೆ ಹೊಲಿದೆ ನೀನು. ಮನೇಲಿ ಒಂದು ಹೈಸ್ಕೂಲೂ ಹೊಲಿಯಕ್ಕಾಗಲಿಲ್ಲ," ಎಂದು ಒಂದು ದಿನ ತಲೆಯೆತ್ತದೆ ಹೇಳಿದಳು.

ಅವತ್ತಿನಿಂದ ಹೊಲಿಗೆಯಕ್ಕ ಮೊಮ್ಮಗಳ ಕೈಗೆ ಸೂಜಿ ಕೊಡುವುದನ್ನೇ ನಿಲ್ಲಿಸಿದಳು. ಬಿದ್ದ ಗುಂಡಿ ಎತ್ತಿಕೊಡಲು ಬಂದರೂ, ಹೋಗು, ಓದಿಕೋ ಎನ್ನುತ್ತಿದ್ದಳು. ಈ ಮನೆಯಿಂದ ಒಬ್ಬಳು ಹತ್ತನೇ ತರಗತಿ ದಾಟಬೇಕು. ದೇವರ ಹತ್ತಿರ ಅವಳು ತನಗಾಗಿ ಕೇಳಿಕೊಂಡದ್ದು ಇದೊಂದೇ.

ಕಾರ್ಖಾನೆ ಬಾಗಿಲು ಹಾಕಿದ್ದು ಮೊಮ್ಮಗಳು ಮೂರನೇ ತರಗತಿಯಲ್ಲಿದ್ದಾಗ. ಲಾರಿಗಳಲ್ಲಿ ಮಂಚ, ಪಾತ್ರೆ, ಮಕ್ಕಳು ಹೊರಟುಹೋದರು. ಉಳಿದವರಲ್ಲಿ ಕೈ ಸಾಗುವವರು ಮಕ್ಕಳನ್ನು ಹಳದಿ ವ್ಯಾನು ಹತ್ತಿಸಿ ದೂರದ ದೊಡ್ಡ ಊರಿಗೆ ಕಳಿಸತೊಡಗಿದರು. ಇಷ್ಟು ಮಕ್ಕಳಿಲ್ಲದ ಶಾಲೆ ಇರಬೇಕಾಗಿಲ್ಲ ಎಂದು ಮೇಲಿನವರು ಒಂದು ಲೆಕ್ಕ ಮಾಡಿಟ್ಟಿದ್ದರಂತೆ. ಆ ಲೆಕ್ಕಕ್ಕೆ ಮೊದಲು ಬಿದ್ದದ್ದು ಕಾರ್ಖಾನೆ ಹೈಸ್ಕೂಲು. ಆಮೇಲೆ ಎರಡು ಒಟ್ಟಿಗೆ, ಆಮೇಲೆ ಗಡಿಯಾರದ್ದು, ಆಮೇಲೆ ಇನ್ನೊಂದು. ಶಾಲೆ ಮುಚ್ಚುವ ಸುದ್ದಿ ಊರಿಗಿಂತ ಮೊದಲು ಹೊಲಿಗೆಯಕ್ಕನಿಗೆ ಗೊತ್ತಾಗುತ್ತಿತ್ತು. ಮುಂದಿನ ವರ್ಷದ ಬಟ್ಟೆ ತರಿಸಬೇಡಿ ಎಂದು ಅಲ್ಲಿಯ ಜವಾನ ಬಂದು ಹೇಳಿಹೋಗುತ್ತಿದ್ದ. ಉಳಿದ ಬಟ್ಟೆಯ ಥಾನುಗಳನ್ನು ಏನು ಮಾಡುವುದು? ಮನೆಯ ಪರದೆ, ದಿಂಬಿನ ಚೀಲ, ಮಿಷನ್ನಿನ ಮುಸುಕು ಎಲ್ಲ ಅದರಲ್ಲೇ ಆದವು. ಕಾರ್ಖಾನೆ ಹೈಸ್ಕೂಲನ್ನು ಕಿಟಕಿಗೆ ನೇತುಹಾಕಿದ್ದೇವೆ, ಗಡಿಯಾರದ ಹೈಸ್ಕೂಲಿನ ಮೇಲೆ ತಲೆಯಿಟ್ಟು ಮಲಗುತ್ತೇವೆ ಎಂದು ಮಗಳು ನೆರೆಯವರ ಹತ್ತಿರ ಹೇಳಿ ನಗುತ್ತಿದ್ದಳು.

ಕೊನೆಗೆ ಉಳಿದದ್ದು ಎರಡು: ಹೆಣ್ಮಕ್ಕಳದ್ದು, ಗುಡ್ಡದ್ದು. ಮೊಮ್ಮಗಳು ಹೆಣ್ಮಕ್ಕಳ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಮುಗಿಸಿ ರಜೆಯಲ್ಲಿದ್ದಾಗ, ಅದನ್ನೂ ಗುಡ್ಡದ್ದರೊಳಗೆ ಸೇರಿಸಿದ್ದೇವೆ ಎಂದು ಗೇಟಿಗೆ ಕಾಗದ ಅಂಟಿಸಿದರು. ಅಲ್ಲಿಗೆ ಏಳು ಇದ್ದದ್ದು ಒಂದಾಯಿತು.

ಸುದ್ದಿ ತಿಳಿದ ಮಧ್ಯಾಹ್ನವೇ ತಾಯಂದಿರು ಅಂಗಡಿಯಲ್ಲಿ ಸೇರಿದರು. ಎದುರುಮನೆಯ ಹಾಲಿನವಳು ಎಲ್ಲರಿಗಿಂತ ಮುಂದೆ. ಅವಳ ಮಗಳು ಮೊಮ್ಮಗಳ ಜೊತೆಯವಳು. ಎತ್ತರಕ್ಕೆ ಬೆಳೆದಿದ್ದರಿಂದ ಎಲ್ಲರ ಬಾಯಲ್ಲೂ ಉದ್ದಿ. ಗುಡ್ಡದ ಶಾಲೆಯಲ್ಲಿ ಕಡುನೀಲಿ ಬಿಟ್ಟು ಬೇರೆ ಬಣ್ಣ ಉಟ್ಟವರನ್ನು ಬಾಗಿಲೊಳಗೆ ಬಿಡುವುದಿಲ್ಲವಂತೆ. ಒಂದೇ ವರ್ಷಕ್ಕೆ ಹೊಸ ಜೊತೆ ಎಲ್ಲಿಂದ ತರುವುದು ಎಂಬ ಚಿಂತೆ ಎಲ್ಲರದು. ಇದ್ದ ಲಂಗಗಳಿಗೇ ಬಣ್ಣ ಹಾಕಿಕೊಡುತ್ತೇನೆ, ಬಣ್ಣದ ಪುಡಿಯಷ್ಟೇ ತಂದುಕೊಡಿ ಎಂದಳು ಹೊಲಿಗೆಯಕ್ಕ. ತಾಯಂದಿರ ಮುಖ ಅರಳಿತು. ನಿನ್ನ ಕೈಗೆ ಬಂಗಾರ ಹಾಕಬೇಕು ಅಕ್ಕಾ ಎಂದಳು ಹಾಲಿನವಳು.

ಹೊಲಿಗೆಯಕ್ಕ ಪರೀಕ್ಷೆ ಮಾಡದೆ ಕೆಲಸಕ್ಕೆ ಇಳಿಯಲಿಲ್ಲ. ಕಪಾಟಿನಲ್ಲಿದ್ದ ಮೆರೂನ್ ಥಾನಿನಿಂದ ಅಂಗೈಯಗಲ ಕತ್ತರಿಸಿ ನೀಲಿ ನೀರಿನಲ್ಲಿ ಕುದಿಸಿದಳು. ತೆಗೆದು ನೋಡಿದರೆ ಕಡುನೀಲಿ, ಗುಡ್ಡದ ಬಣ್ಣವೇ. ಆ ಧೈರ್ಯದ ಮೇಲೆ ಹಿತ್ತಲಿನಲ್ಲಿ ಹಂಡೆ ಹೂಡಿದಳು. ಮೊಮ್ಮಗಳು ಮತ್ತು ಉದ್ದಿ ಕೋಲು ಹಿಡಿದು ತಿರುವಿದರು. ಯಾರ ಶಾಲೆ ಬೇಯುತ್ತಿದೆ ಎಂದು ಉದ್ದಿ ಕೇಳುವುದು, ನಿನ್ನದೇ, ಇನ್ನೂ ಉಪ್ಪು ಹಾಕಿಲ್ಲ ಎಂದು ಇವಳು ಹೇಳುವುದು, ಇಬ್ಬರೂ ನಗುವುದು. ಜಡಿಮಳೆಯಾದ್ದರಿಂದ ಲಂಗಗಳನ್ನು ಒಳಗೆ ಅಟ್ಟದ ಕೆಳಗೆ ಹಗ್ಗ ಕಟ್ಟಿ ಒಣಗಿಸಿದರು. ಆ ಮಬ್ಬು ಬೆಳಕಿನಲ್ಲಿ ಎಲ್ಲ ಕಡುನೀಲಿಯಾಗಿಯೇ ಕಂಡವು. ತಾಯಂದಿರು ಬಂದು ಮಡಚಿ ಒಯ್ದರು.

ಮೊಮ್ಮಗಳಿಗೆ ಮಾತ್ರ ಅವಳು ಹೊಸದು ಹೊಲಿದಿದ್ದಳು. ಗುಡ್ಡದ ಶಾಲೆಯ ಅಸಲು ಬಟ್ಟೆ ಒಂದು ಲಂಗದಷ್ಟು ಕಪಾಟಿನ ತಳದಲ್ಲಿ ಉಳಿದಿತ್ತು. ಕೊನೆಯ ವರ್ಷ, ಅವಳು ಚೆನ್ನಾಗಿ ಕಾಣಲಿ ಎನ್ನುವ ಆಸೆ. ಅಂಚಿಗೆ ಮಡಿಕೆ ಬಿಡಲಿಲ್ಲ. ಇನ್ನು ಇಳಿಸುವ ವರ್ಷ ಇಲ್ಲವಲ್ಲ ಎಂದುಕೊಂಡಳು.

ಶಾಲೆ ಶುರುವಾದ ದಿನ ಮಳೆ ಬಿಟ್ಟು ಚುರುಗುಟ್ಟುವ ಬಿಸಿಲು. ಮೊಮ್ಮಗಳು ಸಂಜೆ ಬಂದು ಊಟ ಬೇಡವೆಂದು ಮಲಗಿದಳು. ಮರುದಿನ ಬೆಳಿಗ್ಗೆ ಹಾಲಿನವಳು ಕೈಯಲ್ಲಿ ಉದ್ದಿಯ ಲಂಗ ಹಿಡಿದು ಬಂದಳು. ಅಂಗಡಿಯೊಳಗೆ ಕಾಲಿಡಲಿಲ್ಲ.

"ಅಕ್ಕಾ, ಸ್ವಲ್ಪ ಹೊರಗೆ ಬಾ. ಇದನ್ನ ಬಿಸಿಲಲ್ಲಿ ನೋಡು," ಎಂದಳು.

ಹೊಲಿಗೆಯಕ್ಕ ಹೊರಗೆ ಬಂದು ನೋಡಿದಳು. ಕಡುನೀಲಿ ಎಲ್ಲಿ? ಒಗೆದೊಗೆದು ಬಿಸಿಲಿಗೆ ಮಾಸಿದ ಕಡೆ ಬಣ್ಣ ಒಂದು ಥರ ಹಿಡಿದಿತ್ತು, ಮಡಿಕೆಯೊಳಗೆ ಅಡಗಿದ್ದು ಈಗ ಬಿಚ್ಚಿ ಇಳಿಸಿದ ಅಂಚಿನಲ್ಲಿ ಇನ್ನೊಂದು ಥರ. ಲಂಗವೆಲ್ಲ ಹೊಳೆಯುವ ಬದನೆಕಾಯಿ ಬಣ್ಣ, ಕೆಳಗೆ ನಾಲ್ಕು ಬೆರಳು ಕಪ್ಪು ಪಟ್ಟಿ. ತಾನು ಪರೀಕ್ಷೆ ಮಾಡಿದ್ದು ಹೊಸ ಥಾನಿನ ತುಂಡಿನ ಮೇಲೆ. ಮಕ್ಕಳು ಉಟ್ಟದ್ದು ಎರಡು ಮೂರು ವರ್ಷ ಸವೆದ ಬಟ್ಟೆ. ಇಷ್ಟು ವರ್ಷ ಬಟ್ಟೆಯ ಮಧ್ಯೆಯೇ ಬದುಕಿದವಳಿಗೆ ಹೊಸತಿಗೂ ಹಳತಿಗೂ ಬಣ್ಣ ಬೇರೆ ಕೂರುತ್ತದೆಂದು ಹೊಳೆಯಲಿಲ್ಲ. ಏಕೆಂದರೆ ಅವಳ ಕೈಯಿಂದ ಹೊರಟದ್ದೆಲ್ಲ ಹೊಸದೇ. ಮಾಸಿದ್ದು ಅವಳ ಹತ್ತಿರ ಮಡಿಕೆ ಬಿಚ್ಚಲು ಮಾತ್ರ ಬರುತ್ತಿತ್ತು.

ಮೈದಾನದಲ್ಲಿ ಸಾಲು ನಿಂತಾಗ ಹಿಂದಿನಿಂದ ಯಾವನೋ, ಬದನೆಕಾಯಿ ಗಾಡಿ ಬಂತು ಎಂದನಂತೆ. ಇನ್ನೊಬ್ಬ, ತೊಟ್ಟು ಕೆಳಗಿದೆ ನೋಡ್ರೋ ಎಂದನಂತೆ. ಸಾಲಿಗೆ ಸಾಲೇ ನಕ್ಕಿತು, ಒಬ್ಬ ಮೇಷ್ಟ್ರೂ ಮುಖ ತಿರುಗಿಸಿ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಅದೇ ಹೆಸರಾಯಿತು. ಬದನೆಕಾಯಿಗಳೆಲ್ಲ ಹಿಂದಿನ ಬೆಂಚಿಗೆ, ಬದನೆಕಾಯಿಗಳೆಲ್ಲ ಕೊನೆಯ ಸಾಲಿಗೆ.

ಹೊಲಿಗೆಯಕ್ಕ ಒಂದು ಲಂಗ ಎರಡನೇ ಸಲ ಕುದಿಸಿ ನೋಡಿದಳು. ಬಣ್ಣ ಇನ್ನೂ ಕೆಟ್ಟಿತು, ಬಟ್ಟೆ ಹಪ್ಪಳದ ಹಾಗೆ ಸೆಟೆಯಿತು. ಹೊಸದು ಹೊಲಿದುಕೊಡೋಣವೆಂದರೆ ಆ ನೀಲಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಶಾಲೆಯವರು ರೆಡಿಮೇಡ್ ಜೊತೆಗಳನ್ನೇ ತರಿಸುತ್ತಾರೆ. ನಾನು ಮನೆಮನೆಗೂ ಹೋಗಿ ಕೈ ಮುಗಿಯುತ್ತೇನೆ ಎಂದಾಗ ಹಾಲಿನವಳೇ ತಡೆದಳು. ನೀನು ಬೇಕೆಂದು ಮಾಡಿದ್ದಲ್ಲ, ಸಾಕು ಬಿಡು ಎಂದಳು. ಆದರೆ ಹೋಗುವಾಗ ಕಣ್ಣು ಅಂಗಡಿಯ ಒಳಗೆ, ಗೂಟಕ್ಕೆ ನೇತುಹಾಕಿದ್ದ ಮೊಮ್ಮಗಳ ಹೊಸ ಲಂಗದ ಮೇಲೆ ಒಂದು ಗಳಿಗೆ ನಿಂತಿತು. ಬಾಯಿಬಿಟ್ಟು ಬೈದಿದ್ದರೆ ವಾಸಿಯಿತ್ತು.

ಮುಂದಿನ ವಾರ ಒಂದು ಸಂಜೆ ಹಿತ್ತಲಿನಲ್ಲಿ ಹೊಗೆ ಕಂಡು ಹೋದರೆ ಮೊಮ್ಮಗಳು ಹಂಡೆಯ ಮುಂದೆ ಕೂತಿದ್ದಳು. ತನ್ನ ಹಳೆಯ ಮೆರೂನ್ ಲಂಗವನ್ನು ಪೆಟ್ಟಿಗೆಯಿಂದ ತೆಗೆದು, ಉಳಿದ ಪುಡಿಯಲ್ಲಿ ಕುದಿಸುತ್ತಿದ್ದಳು. ಅಜ್ಜಿ ಕೋಲು ಕಿತ್ತುಕೊಂಡಳು. ನಿನಗೆ ಬುದ್ಧಿ ನೆಟ್ಟಗಿದೆಯಾ ಎಂದು ಗದರಿದಳು. ಹುಡುಗಿ ಅಳಲಿಲ್ಲ, ಜೋರಾಗಿಯೂ ಮಾತಾಡಲಿಲ್ಲ.

"ಹೊಸದು ಹಾಕ್ಕೊಂಡ್ರೆ ಗುಡ್ಡದೋರ ಸಾಲಲ್ಲಿ ನನ್ನ ಸೇರಿಸಲ್ಲ, ಮುಚ್ಚಿದ ಶಾಲೆಯವಳು ಅಂತ ಗೊತ್ತು. ನಮ್ಮೋರ ಸಾಲಿಗೆ ಬಂದ್ರೆ ಉದ್ದಿ ಮಾತಾಡ್ಸಲ್ಲ. ಎಲ್ಲಿ ನಿಂತ್ಕೊಳ್ಳಲಿ ಹೇಳಜ್ಜಿ?"

ಅಜ್ಜಿ ಕೋಲನ್ನು ವಾಪಸ್ಸು ಕೊಟ್ಟಳು.

ಬದನೆಕಾಯಿ ಬಣ್ಣ ಉಟ್ಟು ಹೋದ ಮೇಲೆ ಉದ್ದಿ ಮಾತಾಡಿಸಿದಳು. ಆದರೆ ಹೆಚ್ಚು ದಿನ ಅಲ್ಲ. ಗುಡ್ಡದ ಶಾಲೆಯಲ್ಲಿ ಹೆಣ್ಮಕ್ಕಳಿಗೆಂದು ಇದ್ದ ಶೌಚದ ಕೋಣೆಗೆ ಬಾಗಿಲಿರಲಿಲ್ಲ. ಇಬ್ಬರು ಒಳಗೆ ಹೋದರೆ ಇಬ್ಬರು ಬಟ್ಟೆ ಅಡ್ಡ ಹಿಡಿದು ಹೊರಗೆ ನಿಲ್ಲಬೇಕು. ದಾರಿ ದೂರ, ಲಾರಿಗಳ ರಸ್ತೆ ದಾಟಬೇಕು. ಇವೆಲ್ಲದರ ಮೇಲೆ ದಿನವೂ ಆ ಹೆಸರು. ಒಂದು ಬೆಳಿಗ್ಗೆ ಉದ್ದಿ ಶಾಲೆಗೆ ಹೊರಡದೆ ಔಷಧದ ಡಬ್ಬಿ ಕಟ್ಟುವ ಶೆಡ್ಡಿಗೆ ಕೂಲಿಗೆ ಹೊರಟಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಇಬ್ಬರು. ಅಂಗಡಿಯ ಮುಂದೆ ಹಾದುಹೋಗುವ ಬದನೆಕಾಯಿ ಲಂಗಗಳು ಕಡಿಮೆಯಾಗುತ್ತ ಬಂದವು. ಹೊಲಿಗೆಯಕ್ಕ ಮಿಷನ್ ತುಳಿಯುತ್ತಲೇ ನೋಡುತ್ತಿದ್ದಳು. ಒಬ್ಬೊಬ್ಬರು ಕಾಣದಾದಾಗಲೂ ಅವಳ ಕಾಲು ಒಂದು ಗಳಿಗೆ ನಿಂತು ಮತ್ತೆ ತುಳಿಯುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ದಿನ ಅವಳು ಅಯಸ್ಕಾಂತ ಎಳೆದು ಮುಗಿಸಿ ತಲೆಯೆತ್ತಿದರೆ, ಮೊಮ್ಮಗಳು ತನ್ನ ತಾಯಿಯ ಮಣೆಯ ಮೇಲೆ ಕೂತು ಅಂಗಿಯೊಂದಕ್ಕೆ ಕಾಜಾ ಹಾಕುತ್ತಿದ್ದಳು. ಯಾರೂ ಕಲಿಸಿರಲಿಲ್ಲ. ತಾಯಿಯದೇ ಕೈ, ಮುತ್ತು ಪೋಣಿಸಿದ ಹಾಗೆ.

"ಶಾಲೆ?" ಎಂದಳು ಅಜ್ಜಿ.

"ಸಾಲಲ್ಲಿ ನಾನೊಬ್ಬಳೇ ಅಜ್ಜಿ."

ಒಳಗಿನಿಂದ ಬಂದ ಮಗಳು ಇದನ್ನು ನೋಡಿದಳು. ನೋಡಿದವಳೇ ಹುಡುಗಿಯ ಕೈಯಿಂದ ಅಂಗಿ ಕಿತ್ತು ಮೂಲೆಗೆಸೆದಳು. ಸೂಜಿ ಬೆರಳಿಗೆ ಗೀರಿ ಬಿಳಿ ಅಂಗಿಯ ಮೇಲೆ ರಕ್ತದ ಕಲೆಯಾಯಿತು. ಏಳು, ಎದ್ದೇಳು ಇಲ್ಲಿಂದ, ಇದು ನನ್ನ ಜಾಗ ಎಂದು ಕೂಗಿದಳು. ಆಮೇಲೆ ತಾನೇ ಆ ಮಣೆಯ ಮೇಲೆ ಕುಸಿದು, ಮೊಣಕಾಲಿನಲ್ಲಿ ಮುಖ ಹುದುಗಿಸಿದಳು. ಮರುವಾರ ಹುಡುಗಿ ಡಬ್ಬಿಯ ಶೆಡ್ಡಿಗೆ ಸೇರಿದಳು. ಅಲ್ಲಿ ಎಲ್ಲರಿಗೂ ಒಂದೇ ಹಸಿರು ಕೋಟು ಕೊಡುತ್ತಾರೆ, ಯಾರೂ ಯಾರನ್ನೂ ಏನೂ ಅನ್ನುವುದಿಲ್ಲ ಎಂದು ಬಂದು ಹೇಳಿದಳು.

ಹಾಲಿನವಳು ಸುಮ್ಮನೆ ಕೂರುವ ಹೆಂಗಸಲ್ಲ. ಹೊಲಿಗೆಯಕ್ಕನನ್ನು ಜೊತೆ ಮಾಡಿಕೊಂಡು ವಿದ್ಯಾ ಇಲಾಖೆಯ ಕಚೇರಿಗೆ ಹೋದಳು. ಹೆಣ್ಮಕ್ಕಳ ಹೈಸ್ಕೂಲಿನ ಕಟ್ಟಡ ಹಾಗೇ ಇದೆ, ಬೆಂಚೂ ಇವೆ, ಮತ್ತೆ ತೆಗೆಯಿರಿ ಎಂದು ಇಬ್ಬರೂ ಕೇಳಿದರು. ಅಲ್ಲಿಯ ಅಧಿಕಾರಿ ಮುಖ ಸಿಂಡರಿಸಲಿಲ್ಲ. ಮುಂದಿನ ತಿಂಗಳು ನಮ್ಮವರು ಬಂದು ಶಾಲೆ ಬಿಟ್ಟ ಮಕ್ಕಳನ್ನು ಎಣಿಸುತ್ತಾರೆ, ಹುಡುಗಿಯರು ಅಷ್ಟು ಜನ ನಿಜವಾಗಿ ಹೊರಗಿದ್ದರೆ ಅಲ್ಲೇ ತರಗತಿ ಶುರು ಮಾಡಿಸಬಹುದು ಎಂದರು. ಆಗುತ್ತದೆ ಎಂದಲ್ಲ, ಆಗಬಹುದು ಎಂದು. ಆದರೂ ಬರುವ ದಾರಿಯಲ್ಲಿ ಹೊಲಿಗೆಯಕ್ಕನಿಗೆ ಆ ಕಡೆಯಿಂದ ಯಾರೋ ಸ್ವಲ್ಪ ಕಿವಿಗೊಟ್ಟ ಹಾಗೆ ಅನ್ನಿಸಿತು.

ಅದಾಗಿ ಒಂದು ಭಾನುವಾರ ಗುಡ್ಡದ ಶಾಲೆಯ ಹೆಡ್‌ಮೇಷ್ಟ್ರು ಅಂಗಡಿಗೆ ಬಂದರು. ಶೆಡ್ಡಿಗೆ ರಜೆಯಾದ್ದರಿಂದ ಮೊಮ್ಮಗಳೂ ಒಳಬಾಗಿಲ ಹತ್ತಿರ ತಲೆ ಬಾಚಿಕೊಳ್ಳುತ್ತ ಕೂತಿದ್ದಳು. ಮೇಷ್ಟ್ರು ಚಪ್ಪಲಿ ಹೊರಗೆ ಬಿಟ್ಟು ಬಂದರು. ಇದೇ ಊರಿನವರು, ಗಡಿಯಾರದ ಹೈಸ್ಕೂಲಿನಲ್ಲಿ ಓದಿದವರು. ಅಳತೆ ತೆಗೆಯುವಾಗ ಕಚಗುಳಿಯಾಗಿ ಕುಣಿಯುತ್ತಿದ್ದಿರಿ ಎಂದು ಹೊಲಿಗೆಯಕ್ಕ ನೆನಪಿಸಿದಳು. ಅವರು ನಕ್ಕರು. ಮಗಳು ಚಹಾ ತಂದುಕೊಟ್ಟಳು. ಅವರು ಕುಡಿಯದೆ ಲೋಟವನ್ನೇ ತಿರುಗಿಸುತ್ತ ಕೂತರು.

ಬಂದ ವಿಷಯ ಕೆಟ್ಟದ್ದೆಂದು ಅವರಿಗೂ ಗೊತ್ತಿತ್ತು, ಆದ್ದರಿಂದ ನಿಧಾನವಾಗಿ ಹೇಳಿದರು. ಎಣಿಸುವವರು ಬರುತ್ತಿದ್ದಾರೆ. ಹುಡುಗಿಯರೆಲ್ಲ ಬಿಟ್ಟದ್ದು ಕಾಗದಕ್ಕೆ ಬಂದರೆ ಗುಡ್ಡದ ಶಾಲೆಯ ಸಂಖ್ಯೆಯೂ ಮೇಲಿನವರ ಆ ಲೆಕ್ಕಕ್ಕಿಂತ ಕೆಳಗಿಳಿಯುತ್ತದೆ, ಅದನ್ನೂ ಮುಚ್ಚುತ್ತಾರೆ. ಆಮೇಲೆ ಊರಿಗೆ ಹೈಸ್ಕೂಲೇ ಇಲ್ಲ. ಅದಕ್ಕೆ ಒಂದು ದಾರಿಯಿದೆ. ನಿಮ್ಮ ಮೊಮ್ಮಗಳ ಹೆಸರು ಶಾಲೆಯಲ್ಲಿ ಹಾಗೇ ಇರಲಿ, ಹಾಜರಿ ನಾನು ಹಾಕಿಸುತ್ತೇನೆ. ಶೆಡ್ಡು ಬಿಡಬೇಕಾಗಿಲ್ಲ. ಪರೀಕ್ಷೆಯ ದಿನ ಬಂದು ಕೂತರೆ ಸಾಕು, ಪಾಸಾಗುವ ಹಾಗೆ ನೋಡಿಕೊಳ್ಳುತ್ತೇನೆ. ಹೆತ್ತವರ ಕಡೆಯ ಒಂದು ಸಹಿ ಬೇಕು, ಅಷ್ಟೇ. ನೀವು ಒಪ್ಪಿದರೆ ಉಳಿದ ತಾಯಂದಿರೂ ಒಪ್ಪುತ್ತಾರೆ.

"ಪಾಸಿನ ಮಾತು ನಾನು ಎಲ್ಲರಿಗೂ ಕೊಡಕ್ಕಾಗಲ್ಲಕ್ಕಾ. ನಿಮ್ಮ ಮುಖ ನೋಡಿ ಮಾಡ್ತಿದೀನಿ," ಎಂದರು.

ಮಗಳು ಲೋಟ ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಬಂದು ನಿಂತಿದ್ದಳು. ಅವಳ ದನಿಯಲ್ಲಿ ಆ ಚೂಪು ಇರಲಿಲ್ಲ.

"ಹೂಂ ಅನ್ನಮ್ಮ. ಹತ್ತನೇ ತರಗತಿ ಅಂತ ಒಂದು ಕಾಗದನಾದ್ರೂ ಈ ಮನೆಗೆ ಬರಲಿ. ನನ್ನ ಥರ ಬರೀ ಕೈಯಲ್ಲಿ ಇರೋದು ಬೇಡ ಅವಳು."

ಹೊಲಿಗೆಯಕ್ಕ ಮೊಮ್ಮಗಳ ಕಡೆ ತಿರುಗಿ, ನೀನೇನು ಹೇಳುತ್ತೀ ಎಂದು ಕೇಳಿದಳು. ಹುಡುಗಿ ಬಾಚಣಿಗೆಗೆ ಸಿಕ್ಕಿದ ಕೂದಲು ಬಿಡಿಸುತ್ತ, ಏನಾದ್ರೂ ಮಾಡಿ ಎಂದಳು. ಕೋಪವಿರಲಿಲ್ಲ, ಆಸೆಯೂ ಇರಲಿಲ್ಲ. ಅಜ್ಜಿ ಆ ಮುಖ ನೋಡಿದಳು. ಇಷ್ಟು ವರ್ಷ ಬೇಡಿಕೊಂಡದ್ದು ಅಂಗೈಗೆ ಬಂದಿತ್ತು. ಆದರೆ ಹುಡುಗಿ ಬೆಳಿಗ್ಗೆ ಎದ್ದು ಡಬ್ಬಿಯ ಶೆಡ್ಡಿಗೆ ಹೋಗುತ್ತಿದ್ದರೆ ಗುಡ್ಡದ ಮೇಲೆ ಅವಳ ಹೆಸರೊಂದು ಬೆಂಚಿನ ಮೇಲೆ ಕೂತಿರುತ್ತದೆ. ಉದ್ದಿಯ ಹೆಸರೂ, ಉಳಿದವರ ಹೆಸರೂ. ಎಣಿಸುವವರು ಬಂದರೆ ಯಾವ ಹುಡುಗಿಯೂ ಹೊರಗಿಲ್ಲ.

"ಮೇಷ್ಟ್ರೇ, ನಿಮ್ಮ ಪುಸ್ತಕದಲ್ಲಿ ಇವಳು ಒಳಗಡೆ ಕೂತಿದ್ರೆ, ಹೊರಗಡೆ ಇರೋ ಇವಳನ್ನ ಯಾರು ಹುಡುಕ್ಕೊಂಡು ಬರ್ತಾರೆ?"

ನಮ್ಮ ಶಾಲೆ ಮುಚ್ಚಿದರೆ ಇವಳಿಗೇನು ಲಾಭ ಎಂದು ಮೇಷ್ಟ್ರು ಕೇಳಿದರು. ಗೊತ್ತಿಲ್ಲ ಎಂದಳು ಹೊಲಿಗೆಯಕ್ಕ. ಮುಚ್ಚಿಯೇ ಬಿಡಬಹುದು, ಹೆಣ್ಮಕ್ಕಳದ್ದೂ ತೆರೆಯದೆ ಹೋಗಬಹುದು ಎಂಬ ಭಯ ಅವಳಿಗೂ ಇತ್ತು. ಮಗಳು ಅಮ್ಮಾ ಎಂದಳು, ಮತ್ತೊಮ್ಮೆ ಅಮ್ಮಾ ಎಂದಳು. ಮೇಷ್ಟ್ರು ಸಹಿಯ ಕಾಗದವನ್ನು ಮಿಷನ್ನಿನ ಹಲಗೆಯ ಮೇಲೆ ಇಟ್ಟು, ಯೋಚನೆ ಮಾಡಿ, ನಾಳೆ ಬರುತ್ತೇನೆ ಎಂದು ಎದ್ದರು. ಹೊಲಿಗೆಯಕ್ಕ ಕಾಗದವನ್ನು ಎತ್ತಿ, ಮಡಿಕೆ ನೇರ ಮಾಡಿ, ಅವರ ಕೈಗೇ ಕೊಟ್ಟಳು.

"ಬೇಡ ಮೇಷ್ಟ್ರೇ. ಬರ್ತಿಲ್ಲ ಅಂತಲೇ ಬರೀರಿ."